ಬಾಗಿಲಯ್ಯನ ನಾಲ್ಕನೇ ಸಂಪುಟ

ಹದಿನೇಳನೇ ತಾರೀಕು, ಗುರುವಾರ
ಅಂಗಡಿಯಿಂದ, ಮಧ್ಯಾಹ್ನ

ಪ್ರೀತಿಯ ಅಲೆಮಾರಿಗೆ,

ಅಕ್ಕನ ನೆನಪುಗಳು. ನಾನು ಚೆನ್ನಾಗಿದ್ದೇನೆ ಎಂದು ಮೊದಲೇ ಬರೆದುಬಿಡುತ್ತೇನೆ. ಕಾಗದ ಎಂದಮೇಲೆ ಆ ಒಂದು ಸಾಲು ಇರಲೇಬೇಕಲ್ಲ. ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನೀನು, ನಿನ್ನ ಯಜಮಾನರು, ನಮ್ಮ ಮುದ್ದು ಮಗಳು ಎಲ್ಲರೂ ಸುಖವಾಗಿದ್ದೀರಿ ಎಂದು ನಿನ್ನ ಕಾಗದದಿಂದ ತಿಳಿಯಿತು. ಆ ಕಾಗದ ಬಂದು ಐದು ವಾರವಾಯಿತು. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಕೆಲಸ ಹೆಚ್ಚಿತ್ತು ಎಂದು ಬರೆಯಬಹುದಿತ್ತು, ಬರೆದರೆ ನೀನು ನಂಬುತ್ತಲೂ ಇದ್ದೆ. ಆದರೆ ಅಪ್ಪ ಹೋಗಿ ಎಂಟು ತಿಂಗಳಾದ ಮೇಲೆ ಬಾಡಿಗೆಗೆ ಪುಸ್ತಕ ಒಯ್ಯಲು ಇಲ್ಲಿಗೆ ಯಾರು ಬರುತ್ತಾರೆ ಹೇಳು. ದಿನಕ್ಕೆ ಮೂವರು ಬಂದರೆ ಹೆಚ್ಚು, ಅವರಲ್ಲೂ ಒಬ್ಬರು ವಿಳಾಸ ಕೇಳಲು. ನಿಜ ಏನೆಂದರೆ, ಐದು ಸಲ ಬರೆಯಲು ಕೂತೆ, ಐದು ಸಲವೂ ಹರಿದು ಹಾಕಿದೆ. ಇದು ಆರನೆಯದು. ಇದನ್ನು ಹರಿಯುವುದಿಲ್ಲ, ಹಾಳೆ ಮುಗಿಯುತ್ತ ಬಂದಿದೆ.

ಅಂಗಡಿ ಖಾಲಿ ಮಾಡುತ್ತಿದ್ದೇನೆ. ಎದುರಿನ ದರ್ಜಿಗೆ ಜಾಗ ಬೇಕಂತೆ. ದಿನಾ ಬಂದು ಬಾಗಿಲ ಹತ್ತಿರ ನಿಂತು, ಅಳತೆಯ ಟೇಪು ಕೊರಳಲ್ಲಿ ಹಾಕಿಕೊಂಡೇ ಗೋಡೆಗಳನ್ನು ನೋಡುತ್ತಾನೆ. "ಅಕ್ಕಾ, ನಾಳೆ ನಾಳೆ ಅಂತ ನೀವು ಹೇಳಿ ಹೇಳಿ ನನ್ನ ಮಷಿನ್ನಿಗೇ ವಯಸ್ಸಾಯ್ತು" ಎನ್ನುತ್ತಾನೆ. ಒಳ್ಳೆಯವನು. ಅಪ್ಪ ಹಾಸಿಗೆ ಹಿಡಿದಿದ್ದ ಎರಡು ವರ್ಷ ಅವರನ್ನು ಎತ್ತಿ ಕೂರಿಸಲು ನಾನು ಕೂಗಿದಾಗಲೆಲ್ಲ ಕತ್ತರಿ ಕೆಳಗಿಟ್ಟು ಓಡಿ ಬಂದವನು ಅವನೊಬ್ಬನೇ. ನೀನು ಒಂದೊಂದು ಬಂದರಿನಿಂದಲೂ ಕಳಿಸಿದ ಬಣ್ಣದ ಕಾರ್ಡುಗಳನ್ನು ಗೋಡೆಯಿಂದ ತೆಗೆಯುವಾಗ, "ತಂಗಿಯವರು ಎಷ್ಟು ಬಂದರು ನೋಡಿದಾರಲ್ಲಾ, ಪುಣ್ಯವಂತರು" ಎಂದ. ಹೌದಪ್ಪ, ಮೂವತ್ತು ವರ್ಷದಿಂದ ಆ ಬಂದರುಗಳ ಧೂಳು ಒರೆಸಿದವಳು ನಾನು ಎಂದೆ. ನಕ್ಕ. ನಾನೂ ನಕ್ಕೆ.

ಈಗ ನಿನ್ನ ಕಾಗದದ ವಿಷಯ. ನೀನು ಬರೆದದ್ದನ್ನು ಎಷ್ಟು ಸಲ ಓದಿದೆನೆಂದರೆ ಬಾಯಿಪಾಠವಾಗಿದೆ. ಬರುವ ತಿಂಗಳು ಮಗಳಿಗೆ ಹತ್ತು ತುಂಬುತ್ತದೆ. ಅಪ್ಪ ಹಾಕಿಕೊಟ್ಟ ಪದ್ಧತಿ ನಮ್ಮ ಕಾಲಕ್ಕೇ ನಿಂತುಹೋಗಬಾರದು. "ಗಾಳಿಕೋಟೆಯ ಮಾಂತ್ರಿಕರು" ಇರುವಷ್ಟು ಸಂಪುಟ ಕಳಿಸು, ಅವಳೂ ತನ್ನ ಮೆಚ್ಚಿನ ಮಾಂತ್ರಿಕನನ್ನು ಆರಿಸಿಕೊಳ್ಳಲಿ. ಇಲ್ಲಿಯವರೆಗೆ ಸರಿ. ಆಮೇಲೆ ಬರೆದಿದ್ದೀಯ: "ಅಲೆಮಾರಿ ಹೇಗೂ ನನ್ನದಾಯಿತು. ಬಾಗಿಲಯ್ಯನನ್ನು ಅವಳಿಗೆ ಬಿಟ್ಟುಕೊಡುತ್ತೀಯಾ ಅಕ್ಕಾ? ಅವಳೂ ನಿನ್ನ ಹಾಗೆಯೇ, ಮನೆ ಬಿಟ್ಟು ಕದಲುವ ಜೀವ ಅಲ್ಲ. ಇರುವವಳು ಒಬ್ಬಳು, ನಮ್ಮ ಹತ್ತಿರವೇ ಇರಲಿ."

ಅದರ ಕೆಳಗೆ ಪೆನ್ಸಿಲಿನಲ್ಲಿ ಮಗಳ ನಾಲ್ಕು ಸಾಲು. "ದೊಡ್ಡಮ್ಮಾ, ಬಾಗಿಲಯ್ಯಂಗೆ ನಿಜವಾಗ್ಲೂ ಮ್ಯಾಜಿಕ್ ಬರುತ್ತಾ? ಅಮ್ಮ ಬರಲ್ಲ ಅಂತಾಳೆ. ನಂಗೆ ಅಲೆಮಾರಿನೇ ಇಷ್ಟ. ಆದ್ರೆ ಅಮ್ಮ ಅದು ತನ್ನದು ಅಂತ ಬಿಡ್ತಾನೇ ಇಲ್ಲ."

ನಲವತ್ತೇಳು ವರ್ಷದ ಹೆಂಗಸು ಹತ್ತು ವರ್ಷದ ಮಗಳ ಜೊತೆ ಒಬ್ಬ ಮಾಂತ್ರಿಕನಿಗಾಗಿ ಕಿತ್ತಾಡುತ್ತಾಳೆಂದರೆ ಬೇರೆಯವರು ನಗುತ್ತಾರೆ. ನನಗೆ ನಗು ಬರಲಿಲ್ಲ. ನಮ್ಮ ಮನೆಯಲ್ಲಿ ಆ ಆಟಕ್ಕೆ ಎಷ್ಟು ತೂಕವಿತ್ತು ಎಂದು ಗೊತ್ತಿರುವವರು ಇನ್ನು ನಾವಿಬ್ಬರೇ. ಮಗಳಿಗೆ ನೀನು ಏನೇನು ಹೇಳಿದ್ದೀಯೋ ತಿಳಿಯದು. ಮುಂದೊಂದು ದಿನ ಅವಳು ಈ ಕಾಗದ ಓದಬಹುದು ಎಂದು, ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತೇನೆ. ತಾಳ್ಮೆ ಇದ್ದರೆ ಓದು, ಇಲ್ಲದಿದ್ದರೆ ಅವಳಿಗೆ ಎತ್ತಿಡು.

ಅಮ್ಮ ಹೋದಾಗ ನನಗೆ ಒಂಬತ್ತು, ನಿನಗೆ ನಾಲ್ಕು. ಮುಚ್ಚುತ್ತಿದ್ದ ಯಾವುದೋ ಅಂಗಡಿಯಿಂದ ಅಪ್ಪ ಆ ಏಳು ಸಂಪುಟ ತಂದದ್ದು ಅದೇ ವರ್ಷ. ಹೆಂಡತಿ ಇಲ್ಲದ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಏನು ಮಾತಾಡಬೇಕೆಂದು ಅವರಿಗೆ ತೋಚುತ್ತಿರಲಿಲ್ಲ. ಅದಕ್ಕೇ ಓದಿ ಹೇಳುತ್ತಿದ್ದರು. ಐವರು ಮಾಂತ್ರಿಕರು. ಊರೂರು ಸುತ್ತುವ ಅಲೆಮಾರಿ, ನೋಡಿದ್ದನ್ನೆಲ್ಲ ಸುಡುವ ಬೆಂಕಿಗಣ್ಣ, ಸತ್ತವರನ್ನು ಮಾತಾಡಿಸುವ ಗಂಟೆಯಮ್ಮ, ಮಂತ್ರಗಳನ್ನೆಲ್ಲ ಮರೆತು ಕೂತಿರುವ ಮರೆವಿನಜ್ಜ. ಕೊನೆಯವನು ಬಾಗಿಲಯ್ಯ. ಅವನಿಗೆ ಮಂತ್ರ ಬರುತ್ತದೆ ಎಂದು ಮಗಳಿಗೆ ಹೇಳು. ಹೊರಗೆ ಬಂದು ನಿಂತವರು ಯಾರು, ಯಾವ ಮನಸ್ಸಿನಿಂದ ಬಂದಿದ್ದಾರೆ ಎಂದು ಬಾಗಿಲು ತೆರೆಯದೆಯೇ ಅವನಿಗೆ ತಿಳಿಯುತ್ತದೆ. ಅದಕ್ಕಿಂತ ದೊಡ್ಡ ಮಂತ್ರ ನನಗಂತೂ ಬೇಕಿರಲಿಲ್ಲ.

ಹತ್ತು ತುಂಬಿದ ದಿನ ಒಂದನೇ ಸಂಪುಟದ ರಟ್ಟಿನ ಒಳಬದಿಯಲ್ಲಿ ಮೆಚ್ಚಿನ ಮಾಂತ್ರಿಕನ ಹೆಸರು ಬರೆದು ಸಹಿ ಹಾಕಬೇಕು. ಒಬ್ಬರು ಆರಿಸಿದವರನ್ನು ಇನ್ನೊಬ್ಬರು ಆರಿಸುವಂತಿಲ್ಲ, ಬರೆದ ಮೇಲೆ ಬದಲಾಯಿಸುವಂತಿಲ್ಲ. ಮೊದಲು ಅಪ್ಪನೇ ಮರೆವಿನಜ್ಜ ಎಂದು ಬರೆದು ಸಹಿ ಹಾಕಿದ್ದರು. ಅದರಿಂದ ಅವರಿಗಾದ ಅನುಕೂಲ ಅಷ್ಟಿಷ್ಟಲ್ಲ. ಸ್ಕೂಲಿನ ಫಾರಂ ಮರೆತರೂ, ಒಲೆ ಮೇಲೆ ಹಾಲು ಮರೆತರೂ, "ನಾನು ಮರೆವಿನಜ್ಜ ಅಲ್ವೇನ್ರೇ" ಎಂದು ಕೈ ತೊಳೆದುಕೊಳ್ಳುತ್ತಿದ್ದರು.

ನಾನು ಬಾಗಿಲಯ್ಯನನ್ನು ಆರಿಸಿದ್ದು ಯಾರ ಬಲವಂತದಿಂದಲೂ ಅಲ್ಲ. ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ಅವನ ಸೊಂಟದಲ್ಲಿ ನೂರು ಬೀಗದ ಕೈ ಇದ್ದವು. ಉಳಿದವರೆಲ್ಲ ಹೊರಗೆ ಹೋದಾಗ ಇಡೀ ಕೋಟೆ ಅವನೊಬ್ಬನದೇ. ಹತ್ತು ವರ್ಷದ ಹುಡುಗಿಗೆ, ಅದೂ ಒಂದೇ ಕೋಣೆಯಲ್ಲಿ ಅಪ್ಪ, ತಂಗಿ, ಮೂರು ಸಾವಿರ ಪುಸ್ತಕಗಳ ಜೊತೆ ಮಲಗುವವಳಿಗೆ, ಖಾಲಿ ಕೋಟೆ ಎಂದರೆ ಏನು ಎಂದು ನಿನಗೆ ಅರ್ಥವಾಗಬಹುದು. ಅಷ್ಟೇ ಕಾರಣ. ಹನ್ನೊಂದಕ್ಕೆ ಕೇಳಿದ್ದರೆ ಬೆಂಕಿಗಣ್ಣ ಎನ್ನುತ್ತಿದ್ದೆನೋ ಏನೋ.

ಆಮೇಲೆ ಶುರುವಾಯಿತು. ಸ್ಕೂಲಿನಿಂದ ಸಮುದ್ರ ತೋರಿಸಲು ಕರೆದುಕೊಂಡು ಹೋಗುತ್ತಾರೆ ಎಂದಾಗ ಅಪ್ಪ, "ಬಾಗಿಲಯ್ಯ ಎಲ್ಲಾದ್ರೂ ಸಮುದ್ರ ನೋಡಕ್ಕೆ ಹೋಗ್ತಾನೇನಮ್ಮಾ? ಅಂಗಡಿ ಯಾರು ನೋಡ್ಕೊಳ್ತಾರೆ?" ಎಂದರು. ಎಲ್ಲರೂ ನಕ್ಕೆವು. ಐದು ವರ್ಷ ಕಳೆದು ಅದೇ ಸಮುದ್ರಕ್ಕೆ ನಿನ್ನನ್ನು ಕಳಿಸಿದರು. ಅಲೆಮಾರಿ ಅಲ್ಲವೇ, ಹೋಗಲಿ. ನಿನಗೆ ಸೈಕಲ್ಲು, ನನಗೆ ಹರಿದ ಪುಸ್ತಕ ಕಟ್ಟುವ ಅಂಟಿನ ಡಬ್ಬಿ. ನೀನು ಬಿದ್ದು ಮೊಣಕೈ ಕೆತ್ತಿಕೊಂಡು ಬಂದರೆ ಅದೂ ಒಂದು ಸಾಹಸ. ನಾನು ದಾರದಿಂದ ಬೆರಳು ಕೊಯ್ದುಕೊಂಡರೆ, ನೋಡಿಕೊಂಡು ಹೊಲಿಯಬಾರದೇ ಎಂಬ ಮಾತು. ಯಾವಾಗಲಾದರೂ ನಾನು ಗೊಣಗಿದರೆ ಅಪ್ಪನ ಬಳಿ ಒಂದೇ ಉತ್ತರ. "ಆರಿಸ್ಕೊಂಡೋಳು ನೀನೇ ತಾನೇ?"

ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನಾನು ಎಂದೋ ಜಗಳವಾಡಿ ಹೊರಟುಹೋಗುತ್ತಿದ್ದೆ. ನಗಿಸುತ್ತಲೇ ಕೂರಿಸಿಬಿಟ್ಟರು.

ನಾಲ್ಕನೇ ಸಂಪುಟದ ಕಥೆ ನಿನಗೆ ನೆನಪಿರಬೇಕು. ಸೆಟ್ಟು ತಂದ ವಾರವೇ, ಅಪ್ಪ ಇನ್ನೂ ಅದನ್ನು ಓದುವ ಮೊದಲೇ, ಅಂಚೆಮಾಸ್ತರರ ಹೆಂಡತಿ ಅದನ್ನು ಒಯ್ದರು. ಅದೇ ಸಮಯಕ್ಕೆ ಅವರಿಗೆ ವರ್ಗವಾಯಿತು. ಮನೆಯ ಸಾಮಾನಿನ ಜೊತೆ ಪುಸ್ತಕವೂ ಹೋಯಿತು. ಮೂರು ಮುಗಿದು ನಾಲ್ಕು ಇಲ್ಲ ಎಂದರೆ ನಾವು ಬಿಡುತ್ತೇವೆಯೇ? ಅಪ್ಪ ತಾವೇ ಒಂದು ನಾಲ್ಕನೇ ಸಂಪುಟ ಹೇಳಿದರು. ಅದರಲ್ಲಿ ಮೂರು ಚಳಿಗಾಲ ಯುದ್ಧ, ಮೂರು ಚಳಿಗಾಲವೂ ಬಾಗಿಲಯ್ಯ ನಿಂತಲ್ಲಿಂದ ಕದಲಲಿಲ್ಲ. ಐದನೇ ಸಂಪುಟದಿಂದ ಮುಂದೆ ಅವನ ಸುದ್ದಿಯೇ ಇಲ್ಲ. ಯಾಕಪ್ಪಾ ಎಂದು ಕೇಳಿದೆ. "ಬಾಗಿಲಲ್ಲಿ ನಿಂತೋನ ಸುದ್ದಿ ಯಾರು ಬರೀತಾರೆ? ಕೋಟೆ ಬಿದ್ದಿಲ್ಲ ಅಂದ್ರೆ ಅವನಿದಾನೆ ಅಂತ ಅರ್ಥ" ಎಂದರು. ಎಂಥ ಮಾತು! ಆ ಮಾತು ಹಿಡಿದುಕೊಂಡು ನಾನು ಎಷ್ಟು ವರ್ಷ ಹೆಮ್ಮೆಪಟ್ಟೆ ಗೊತ್ತೇ?

ಇಪ್ಪತ್ತೆರಡಕ್ಕೆ ನನಗೆ ಆ ಕಾಗದ ಬಂತು. ಹಳೆಯ ಗ್ರಂಥಗಳ ದುರಸ್ತಿ ಕಲಿಸುವ ಶಾಲೆ, ಎರಡು ವರ್ಷ, ಇರಲು ಜಾಗ ಅವರದೇ. ನಮ್ಮ ಅಂಗಡಿಯಲ್ಲಿ ನಾನು ಬೆನ್ನು ಕಟ್ಟಿದ ಒಂದು ನಿಘಂಟನ್ನು ನೋಡಿ ಯಾರೋ ಅಧಿಕಾರಿ ನನ್ನ ಹೆಸರು ಕೊಟ್ಟಿದ್ದರು. ಸೋಮವಾರ ಬಂದ ಕಾಗದ. ಶನಿವಾರದೊಳಗೆ ಉತ್ತರ ಬರೆಯಬೇಕಿತ್ತು. ಅಪ್ಪ ಎರಡು ಸಲ ಓದಿದರು. ಕನ್ನಡಕ ತೆಗೆದರು. "ಬಾಗಿಲಯ್ಯ ಒಂದೇ ಒಂದು ದಿನ ಬಾಗಿಲು ಬಿಟ್ಟು ಹೋದದ್ದನ್ನ ಪುಸ್ತಕದಲ್ಲಿ ತೋರಿಸು. ನಿನ್ನ ಪೆಟ್ಟಿಗೆ ನಾನೇ ಹೊತ್ಕೊಂಡು ಬಂದು ಬಸ್ಸು ಹತ್ತಿಸ್ತೀನಿ" ಎಂದರು.

ತಮಾಷೆಗೆ ಹೇಳಿದ್ದು. ಆದರೆ ನಮ್ಮ ಮನೆಯಲ್ಲಿ ತಮಾಷೆಗೆ ಹೇಳಿದ ಮಾತನ್ನು ಯಾರೂ ಮುರಿದದ್ದಿಲ್ಲ, ಅಪ್ಪನೂ ಸಹ. ತೋರಿಸಿದ್ದರೆ ಅವರು ನಿಜವಾಗಿಯೂ ಪೆಟ್ಟಿಗೆ ಹೊರುತ್ತಿದ್ದರು. ಅದಕ್ಕೇ ನಾನು ಹುಡುಕಿದೆ. ಇಪ್ಪತ್ತೆರಡು ವರ್ಷದ ಹೆಣ್ಣು, ಕೈಯಲ್ಲಿ ಶಾಲೆಯ ಕಾಗದ ಇಟ್ಟುಕೊಂಡು, ಒಂದು ಕಟ್ಟುಕಥೆಯೊಳಗೆ ಅನುಮತಿ ಹುಡುಕುತ್ತ ಬುಧವಾರ, ಗುರುವಾರ ಎರಡು ದಿನ ಕೂತಳು ಎಂದರೆ ಈಗ ನನಗೇ ನಾಚಿಕೆಯಾಗುತ್ತದೆ. ಆರು ಸಂಪುಟದಲ್ಲೂ ಸಿಗಲಿಲ್ಲ. ಶುಕ್ರವಾರ ನಾನೇ, ನನ್ನ ದುಂಡು ಅಕ್ಷರದಲ್ಲಿ, ಬರಲಾಗುವುದಿಲ್ಲ ಎಂದು ಬರೆದು ಹಾಕಿದೆ. ಎರಡು ವರ್ಷದ ಮೇಲೆ ನೀನು ನರ್ಸ್ ಆಗಿ ಹಡಗು ಹತ್ತಿದೆ. ಬೀಳ್ಕೊಡಲು ಬಂದ ಅಪ್ಪ ಎಲ್ಲರೆದುರು "ನನ್ನ ಅಲೆಮಾರಿ" ಎಂದು ಕಣ್ಣು ಒರೆಸಿಕೊಂಡರು.

ದರ್ಜಿ ಮತ್ತೆ ಬಂದ, ಈ ಸಲ ಕಿಟಕಿ ಅಳೆಯಲು. ಮಿಕ್ಕದ್ದನ್ನು ನಾಳೆ ಬರೆಯುತ್ತೇನೆ.

ಶುಕ್ರವಾರ, ಬೆಳಗ್ಗೆ

ನಿನ್ನೆ ಬರೆದದ್ದನ್ನು ಓದಿಕೊಂಡೆ. ಸ್ವಲ್ಪ ಖಾರವಾಯಿತು. ಇರಲಿ.

ನಿನ್ನ ಕಾಗದ ಬಂದ ದಿನ ಸಂಪುಟಗಳನ್ನು ಇಳಿಸಿ ಒರೆಸಿ ಕಟ್ಟು ಕಟ್ಟಿದೆ. ಆಗ ನನಗೆ ನಿನ್ನ ಮೇಲೆ ಯಾವ ಕಹಿಯೂ ಇರಲಿಲ್ಲ. ಮಗಳಿಗೆ ಬಾಗಿಲಯ್ಯನನ್ನು ಕೊಡು ಎಂದದ್ದು ಚುಚ್ಚಿತು, ನಿಜ. ಆದರೂ ಕೊಡುವವಳೇ ಇದ್ದೆ. ಅವನನ್ನು ಇಟ್ಟುಕೊಂಡು ನಾನಿನ್ನು ಯಾವ ಕೋಟೆ ಕಾಯಬೇಕು?

ಎರಡು ದಿನ ಬಿಟ್ಟು ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಬಂದರು. ಅಂಗಡಿಯ ಪುಸ್ತಕವೆಲ್ಲ ಅವರ ಲೈಬ್ರರಿಗೆ ಕೊಡುವುದೆಂದು ಮಾತಾಗಿತ್ತು. "ಕಥೆ ಕಾದಂಬರಿ ಇರ್ಲಿ, ಲೆಕ್ಕದ ಪುಸ್ತಕ ಏನಾದ್ರೂ ಇದೆಯಾ?" ಎಂದರು. ಮೇಲಿನ ಶೆಲ್ಫಿನ ಮೂಲೆಯಲ್ಲಿ ಲಾಗರಿದಮ್ ಕೋಷ್ಟಕದ ದಪ್ಪ ಪುಸ್ತಕವೊಂದಿತ್ತು, ನನಗೆ ಬುದ್ಧಿ ಬಂದಾಗಿನಿಂದ ಯಾರೂ ಒಯ್ಯದ್ದು. ಹುಳು ಬಿದ್ದಿದೆಯೇ ಎಂದು ನೋಡಲು ನಡುವೆ ತೆರೆದೆ. ಅಂಕಿ ಇರಲಿಲ್ಲ. ಪುಟದ ನೆತ್ತಿಯಲ್ಲಿ "ಗಾಳಿಕೋಟೆಯ ಮಾಂತ್ರಿಕರು, ಸಂಪುಟ ನಾಲ್ಕು" ಎಂದಿತ್ತು.

ಯಾರೋ ಆ ಪುಸ್ತಕವನ್ನು ಅದರ ರಟ್ಟಿನಿಂದ ಬಿಡಿಸಿ, ಮೂರು ಕಡೆ ಅಂಚು ಕತ್ತರಿಸಿ ಅಳತೆಗೆ ತಂದು, ಕೋಷ್ಟಕದ ರಟ್ಟಿನೊಳಗೆ ಕೂರಿಸಿದ್ದರು. ಕೋಷ್ಟಕದ ಹಾಳೆಗಳು ಏನಾದವೋ, ಅವನ್ನು ಕೇಳುವವರೂ ಇರಲಿಲ್ಲ. ನಮ್ಮ ಕಸುಬಿನವರಿಗೆ ಅರ್ಧ ದಿನದ ಕೆಲಸ. ಬೇರೆಯವರಾಗಿದ್ದರೆ ಬಚ್ಚಿಡಲು ಹಾಸಿಗೆ ಕೆಳಗೋ ಅಟ್ಟದ ಮೇಲೋ ಜಾಗ ಹುಡುಕುತ್ತಿದ್ದರು. ಪುಸ್ತಕವನ್ನು ಪುಸ್ತಕದೊಳಗೆ ಬಚ್ಚಿಡುವ ಬುದ್ಧಿ ನಮ್ಮ ಮನೆಯವರಿಗಲ್ಲದೆ ಇನ್ಯಾರಿಗೆ ಬರುತ್ತದೆ?

ಹೆಡ್‌ಮಿಸ್ಟ್ರೆಸ್‌ಗೆ ಏನು ಹೇಳಿ ಕಳಿಸಿದೆನೋ ನೆನಪಿಲ್ಲ. ಬಾಗಿಲು ಹಾಕಿಕೊಂಡು ನೆಲದ ಮೇಲೆ ಕೂತು ಓದಿದೆ. ಮೂರನೇ ಅಧ್ಯಾಯದಲ್ಲೇ ಇದೆ, ಬಹಳ ಹುಡುಕಬೇಕಾಗಿಯೂ ಇಲ್ಲ. ಬಾಗಿಲಯ್ಯ ಹೋಗುತ್ತಾನೆ. ಯುದ್ಧವಿಲ್ಲ, ಜಗಳವಿಲ್ಲ, ಶಾಪವಿಲ್ಲ. ದೂರದಲ್ಲೊಂದು ನದಿ ಇದೆ, ಆಚೆ ದಡ ಕಾಣದಷ್ಟು ಅಗಲ ಎಂದು ಬಂದವರೆಲ್ಲ ಮೂವತ್ತು ವರ್ಷದಿಂದ ಹೇಳಿದ್ದನ್ನು ಕೇಳಿ ಕೇಳಿ, ಒಂದು ದಿನ ಬೀಗದ ಕೈಗಳ ಗೊಂಚಲನ್ನು ಮೊಳೆಗೆ ನೇತುಹಾಕಿ, ಅದು ನಿಜವೇ ನೋಡಿಬರುತ್ತೇನೆ ಎಂದು ಹೊರಡುತ್ತಾನೆ. ಹಾದಿಯಲ್ಲಿ ಅವನಿಗೆ ಚಪ್ಪಲಿ ಕಚ್ಚುತ್ತದೆ. ಅಷ್ಟೂ ಬರೆದಿದ್ದಾರೆ. ಆಮೇಲೆ ಅವನು ತಿರುಗಿ ಬರುವುದಿಲ್ಲ, ಅದಕ್ಕೇ ಐದನೇ ಸಂಪುಟದಿಂದ ಅವನ ಸುದ್ದಿಯಿಲ್ಲ. ಉಳಿದ ಮಾಂತ್ರಿಕರು ಕೋಟೆಗೆ ಹಿಂದಿರುಗಿದಾಗ ಬಾಗಿಲು ಹಾಗೇ ಇದೆ. ಯಾರೂ ನುಗ್ಗಿಲ್ಲ, ಏನೂ ಕಳುವಾಗಿಲ್ಲ. ಗಂಟೆಯಮ್ಮ ಕೇಳುತ್ತಾಳೆ, ಹಾಗಾದರೆ ಇಷ್ಟು ದಿನ ಅವನು ಏನನ್ನು ಕಾಯುತ್ತಿದ್ದ ಎಂದು. ಯಾರಿಗೂ ಗೊತ್ತಿರುವುದಿಲ್ಲ.

ಆ ಸಾಲನ್ನು ಓದಿ ನಾನು ಅತ್ತೆ. ಅಮ್ಮ ಹೋದಾಗ ಚಿಕ್ಕವಳು, ಅಪ್ಪ ಹೋದಾಗ ಕೆಲಸ ಬಹಳ; ಎರಡು ಸಲವೂ ಬಾಕಿ ಉಳಿದದ್ದೆಲ್ಲ ಅಂದು ಬಂತು. ಕೋಟೆ ಬೀಳುತ್ತಿರಲಿಲ್ಲ ಕಣೇ. ನಾನು ಎರಡು ವರ್ಷ ಹೋಗಿದ್ದರೆ ಈ ಅಂಗಡಿ ಬೀಳುತ್ತಿರಲಿಲ್ಲ. ಅಪ್ಪ ನಾಲ್ಕು ದಿನ ಹಾಲು ಉಕ್ಕಿಸಿಕೊಂಡು, ಐದನೇ ದಿನ ಕಲಿಯುತ್ತಿದ್ದರು.

ಅಪ್ಪನೇ ಬಚ್ಚಿಟ್ಟದ್ದು ಎಂದುಕೊಂಡೆ. ಇನ್ನಾರು ಎಂದುಕೊಳ್ಳಲಿ? ಮೂರು ವಾರ ಅವರ ಫೋಟೋವನ್ನು ಗೋಡೆಗೆ ಮುಖ ಮಾಡಿ ಇಟ್ಟೆ. ಅಂಗಡಿಯಲ್ಲಿ ಒಬ್ಬಳೇ ಇರುವಾಗ ಆ ಫೋಟೋದ ಬೆನ್ನಿಗೆ ಆಡಬಾರದ್ದನ್ನೆಲ್ಲ ಆಡಿದೆ. ನಿಮ್ಮ ಮಲ ಮೂತ್ರ ಬಳಿದ ಕೈ ಇದು ಎಂದೆ. ದರ್ಜಿ ಒಂದು ಸಲ ಇಣುಕಿ, "ಯಾರ ಜೊತೆ ಅಕ್ಕಾ?" ಎಂದ. ಗೋಡೆ ಜೊತೆ ಎಂದೆ.

ಮಾತಿನ ಮಧ್ಯೆ ಇನ್ನೊಂದು ಹೇಳಿಬಿಡುತ್ತೇನೆ, ನೀನು ನಗಬಹುದು. ಆ ದುರಸ್ತಿ ಶಾಲೆ ಇನ್ನೂ ಇದೆಯೇ ಎಂದು ಬರೆದು ಕೇಳಿದೆ. ಇದೆ. ಅಚ್ಚು ಹಾಕಿಸಿದ ಕಾರ್ಡು ಕಳಿಸಿದರು. ವಯೋಮಿತಿ ಇಪ್ಪತ್ತೈದು. ನನಗೆ ಐವತ್ತೆರಡು. ಕಾರ್ಡಿನ ಕಾಗದ ಮಾತ್ರ ಬಹಳ ಚೆನ್ನಾಗಿದೆ.

ಈಗ ನೀನು ಕೇಳಿದ್ದಕ್ಕೆ ಉತ್ತರ. ಕಟ್ಟು ಬಿಚ್ಚಿ ಆರು ಸಂಪುಟಗಳನ್ನೂ ಹೈಸ್ಕೂಲಿಗೆ ಕೊಟ್ಟಾಯಿತು. ಒಂದನೆಯದಕ್ಕೆ ಹೊಸ ರಟ್ಟು ಹಾಕಿ ಕೊಟ್ಟೆ. ಹಳೆಯ ರಟ್ಟು, ನಮ್ಮ ಮೂವರ ಸಹಿ ಇದ್ದದ್ದು, ಸ್ನಾನದ ನೀರು ಕಾಯಿಸುವಾಗ ಒಲೆಗೆ ಹೋಯಿತು. ಬೈಯಬೇಕೆನಿಸಿದರೆ ಬೈ. ನಾಲ್ಕನೇ ಸಂಪುಟವನ್ನು ಮಾತ್ರ ಅದರದೇ ರೀತಿಯ ನೀಲಿ ಬಟ್ಟೆ ಹಾಕಿ ಹೊಸದಾಗಿ ಕಟ್ಟಿದ್ದೇನೆ. ಈ ಮೂವತ್ತು ವರ್ಷದಲ್ಲಿ ನಾನು ಕಟ್ಟಿದ ಪುಸ್ತಕಗಳಲ್ಲೆಲ್ಲ ಚೆನ್ನಾಗಿ ಬಂದದ್ದು ಅದೇ. ಅದನ್ನು ಬೇರೆ ಅಂಚೆಯಲ್ಲಿ, ಮಗಳ ಹೆಸರಿಗೇ ಕಳಿಸಿದ್ದೇನೆ. ಹತ್ತು ತುಂಬುವ ಮುಂಚೆ ಅವಳು ಅದನ್ನು ಓದಬೇಕು. ಮೊದಲ ಮೂರು ಓದದಿದ್ದರೂ ನಡೆಯುತ್ತದೆ, ಇದೊಂದು ಸಾಕು.

ಅವಳಿಗೆ ದೊಡ್ಡಮ್ಮನ ಮಾತು ಇಷ್ಟು ಎಂದು ಓದಿ ಹೇಳು. ಅಲೆಮಾರಿ ಇಷ್ಟವಾದರೆ ಅಲೆಮಾರಿಯನ್ನೇ ಇಟ್ಟುಕೋ ಮಗಳೇ, ಅದು ನಿಮ್ಮಮ್ಮನ ಸ್ವತ್ತಲ್ಲ. ಮುಂದಿನ ವಾರ ಬೇರೆ ಯಾರಾದರೂ ಹಿಡಿಸಿದರೆ ಬದಲಾಯಿಸು. ಎಲ್ಲಿಯೂ ಹೆಸರು ಬರೆಯಬೇಡ, ಸಹಿ ಹಾಕಬೇಡ. ಐವರೂ ಬೇಡವೆನಿಸಿದರೆ ಪುಸ್ತಕ ಮುಚ್ಚಿಟ್ಟು ಆಡಲು ಹೋಗು. ಮನೆಯಲ್ಲೇ ಇರುವುದು ನಿನಗೆ ಇಷ್ಟವಾದರೆ ಇರು, ಆದರೆ ಯಾವ ಮಾಂತ್ರಿಕನ ಹೆಸರು ಹೇಳಿಯೂ ನಿನ್ನನ್ನು ಯಾರೂ ಇರಿಸಿಕೊಳ್ಳಬಾರದು. ನಿಮ್ಮಮ್ಮನಂತೂ ಖಂಡಿತ ಇರಿಸಿಕೊಳ್ಳಬಾರದು.

ಮುಂದಿನ ವಾರ ನಾನು ಅಚ್ಚುಕೂಟದ ಹಿಂದಿನ ಕೋಣೆಗೆ ಹೋಗುತ್ತೇನೆ. ಅಲ್ಲಿ ಬೈಂಡಿಂಗ್ ಕೆಲಸ ಕೊಟ್ಟಿದ್ದಾರೆ, ಒಂದು ಕಿಟಕಿಯೂ ಇದೆ. ನಿನ್ನ ಬಂದರುಗಳ ಕಾರ್ಡುಗಳನ್ನು ದರ್ಜಿಯ ಮಕ್ಕಳಿಗೆ ಕೊಟ್ಟೆ.

ನಿನ್ನ ಯಜಮಾನರಿಗೆ ನಮಸ್ಕಾರ ತಿಳಿಸು. ಮಗಳು ನೂರು ವರ್ಷ ಬಾಳಲಿ, ಕಾಲು ಎತ್ತ ಎಳೆದರೆ ಅತ್ತ ಹೋಗಲಿ. ನಿನಗೂ ಆಯುರಾರೋಗ್ಯವಿರಲಿ, ಅಕ್ಕನಾದವಳಿಗೆ ಅದಕ್ಕಿಂತ ಕಡಿಮೆ ಹರಸಲು ಬರುವುದಿಲ್ಲ.

ಇಂತು,
ನಿನ್ನ ಅಕ್ಕ

ತಾ.ಕ.: ಸಹಿ ಹಾಕಿದ ಮೇಲೆ ಲಕೋಟೆ ತೆಗೆದೆ. ಇದನ್ನು ಬರೆಯದೆಯೇ ಮಡಚಿ ಕಳಿಸಬಹುದೇನೋ ಎಂದು ನೋಡಿದೆ. ಹರಿದು ಹಾಕಿದ ಐದು ಕಾಗದಗಳೂ ಇಲ್ಲಿಗೆ ಬಂದೇ ಹರಿದದ್ದು.

ನಾಲ್ಕನೇ ಸಂಪುಟಕ್ಕೆ ಹೊಸ ರಟ್ಟು ಹಾಕಲು ಕೋಷ್ಟಕದ ರಟ್ಟನ್ನು ಬಿಡಿಸುವಾಗ, ಕೊನೆಯ ಹಾಳೆಯನ್ನು ರಟ್ಟಿಗೆ ಪೂರ್ತಿ ಅಂಟಿಸಿರುವುದು ಕಂಡಿತು. ಒದ್ದೆ ಬಟ್ಟೆ ಇಟ್ಟ ಮೇಲೆ ಎದ್ದು ಬಂತು. ಅದರಡಿ ನಮ್ಮ ಅಂಗಡಿಯ ತಾರೀಕಿನ ಚೀಟಿ. ಅಂಚೆಮಾಸ್ತರರ ಹೆಂಡತಿ ಅಷ್ಟು ವರ್ಷದ ಮೇಲೆ ಪುಸ್ತಕವನ್ನು ಅಂಚೆಯಲ್ಲಿ ಹಿಂದಕ್ಕೆ ಕಳಿಸಿದ್ದಾರೆ. ಚೀಟಿಯಲ್ಲಿ ಅವರ ಹೆಸರಿನ ಮುಂದೆ "ವಾಪಸು ಬಂತು" ಎಂದು ಬರೆದಿದೆ, ತಾರೀಕೂ ಇದೆ. ಶಾಲೆಯ ಕಾಗದ ನನಗೆ ಸೋಮವಾರ ಬಂತಲ್ಲ, ಇದು ಅದರ ಮರುದಿನದ ಮಂಗಳವಾರ. ಅಂದು ಅಪ್ಪನೂ ನಾನೂ ರಟ್ಟು ತರಲು ಪೇಟೆಗೆ ಹೋಗಿದ್ದೆವು. ಅಂಗಡಿಯಲ್ಲಿ ನೀನೊಬ್ಬಳೇ ಇದ್ದೆ. ಅಕ್ಷರ ನಿನ್ನದು.

ಅಪ್ಪನಿಗೆ ಏನೂ ಗೊತ್ತಿರಲಿಲ್ಲ. ಫೋಟೋ ತಿರುಗಿಸಿ, ಗಾಜು ಒರೆಸಿ, ತಪ್ಪಾಯಿತು ಎಂದು ಕೇಳಿಕೊಂಡೆ.

ಬುಧವಾರ, ಗುರುವಾರ ನಾನು ಹುಡುಕಿದೆ ಎಂದು ಬರೆದೆನಲ್ಲ. ಒಬ್ಬಳೇ ಹುಡುಕಲಿಲ್ಲ. ನೀನು ನನ್ನ ಪಕ್ಕದಲ್ಲಿ ಕೂತಿದ್ದೆ. ಐದನೇ ಸಂಪುಟ ನಿನ್ನ ಪಾಲಿಗೆ ಬಂದಿತ್ತು. ಸಾಲು ಸಾಲಿನ ಮೇಲೂ ಬೆರಳಿಟ್ಟು ಓದಿದೆ. "ಇಲ್ಲ ಅಕ್ಕಾ, ಇದ್ರಲ್ಲೂ ಇಲ್ಲ" ಎಂದೆ. ನನಗೆ ಅಳು ಬಂದಾಗ ನೀರು ತಂದುಕೊಟ್ಟೆ.

ಹದಿನೇಳು ವರ್ಷದ ಹುಡುಗಿ. ಅಕ್ಕ ಹೋದರೆ ಅಪ್ಪನ ಜೊತೆ ತಾನು ಉಳಿಯಬೇಕಾಗುತ್ತದೆ ಎಂದು ಹೆದರಿದ್ದೀಯ. ಅದು ನನಗೆ ಅರ್ಥವಾಗುತ್ತದೆ, ನಿಜವಾಗಿಯೂ ಅರ್ಥವಾಗುತ್ತದೆ. ಅರ್ಥವಾಗದ್ದು ಒಂದೇ. ಅಕ್ಕಾ, ಹೋಗಬೇಡ, ನಾನು ಹೋಗಬೇಕು ಎಂದು ನೀನು ಬಾಯಿಬಿಟ್ಟು ಕೇಳಿದ್ದರೆ ನಾನು ಉಳಿಯುತ್ತಿದ್ದೆ. ಸಂತೋಷವಾಗಿ ಉಳಿಯುತ್ತಿದ್ದೆ. ನಿನಗಾಗಿ ಉಳಿದೆ ಎನ್ನುವ ಒಂದು ಮಾತಾದರೂ ನನ್ನದಾಗಿರುತ್ತಿತ್ತು. ನೀನು ಕೇಳಲೇ ಇಲ್ಲ.

ಇದಕ್ಕೆಲ್ಲ ಉತ್ತರ ಬರೆಯಬೇಡ. ನಾಲ್ಕನೇ ಸಂಪುಟ ಮಗಳ ಕೈಗೆ ಸಿಕ್ಕಿತೋ ಇಲ್ಲವೋ, ಅದನ್ನಷ್ಟೇ ಅವಳಿಂದ ಬರೆಸಿ ಕಳಿಸು. ನಿನ್ನ ಅಕ್ಷರದಲ್ಲಿ ಬಂದರೆ ನಂಬುವುದಿಲ್ಲ.